ಆರು ಸಲ ಕತ್ತರಿಸಿದ ಪಟ್ಟಿ

ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಕರಿಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕಗಳನ್ನು ವಾಕ್ಯಗಳಿಗೆ ಇಳಿಸಿದ್ದೇನೆ. ನಡುವೆ ಕೇಳಿಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಲಗೆಯ ಮೇಲಿರುವ ಈ ಅಂಕಿಯನ್ನು ಒಮ್ಮೆ ನೋಡಿ.

18446744073709551615

ಇಪ್ಪತ್ತು ಸ್ಥಾನಗಳು. ಓದಲು ಹೊರಟರೆ ನಾಲಿಗೆ ತೊಡರುತ್ತದೆ. ಬಜೆಟ್ಟಿನ ಮರುದಿನ ಪತ್ರಿಕೆಗಳು ‘ಲಕ್ಷ ಕೋಟಿ’ ಎಂದು ಬರೆಯುತ್ತವಲ್ಲ, ಅದೇ ಜಾಡಿನಲ್ಲಿ ಮುಂದುವರಿದರೆ ಹೀಗಾಗುತ್ತದೆ: ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು. ‘ಕೋಟಿ ಕೋಟಿ’ ಎಂಬಲ್ಲಿಗೆ ಬರುವಾಗ ಅದು ಲೆಕ್ಕವೋ ಹರಕೆಯೋ ಎಂಬ ಅನುಮಾನ ಬರುತ್ತದೆ.

ಸಾವಿರದ ಇನ್ನೂರು ವರ್ಷಗಳ ಹಿಂದೆ ಇದೇ ನೆಲದಲ್ಲಿ ಇಷ್ಟು ತಡವರಿಸಬೇಕಿರಲಿಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರದಿಂದ ಶುರುವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ ಎಂದು ಸಾಗಿ ಮಹಾಕ್ಷೋಭದಲ್ಲಿ ನಿಲ್ಲುವ ಪಟ್ಟಿ ಅದು. ಅದರಲ್ಲಿ ಇಪ್ಪತ್ತನೆಯದು ಮಹಾಶಂಖ. ಅಂದರೆ ನಮ್ಮ ಅಂಕಿಯ ಎಡತುದಿಯಲ್ಲಿರುವ ಒಂದು ಕೂತಿರುವುದು ಮಹಾಶಂಖದ ಮನೆಯಲ್ಲಿ. ಹೆಸರು ಇದ್ದಲ್ಲಿ ಭಯ ಕಡಿಮೆ.

ಇದು ಎಲ್ಲಿಂದ ಬಂದ ಅಂಕಿ ಎಂಬುದು ನಿಮ್ಮಲ್ಲಿ ಹಲವರಿಗೆ ಆಗಲೇ ಹೊಳೆದಿರಬಹುದು. ಚದುರಂಗವನ್ನು ಕಂಡುಹಿಡಿದವನಿಗೆ ರಾಜ ಏನು ಬೇಕೆಂದು ಕೇಳಿದನಂತೆ. ಆತ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರವತ್ತನಾಲ್ಕು ಮನೆಗೂ ಇಮ್ಮಡಿಸಿ ಕೊಡಿ ಎಂದನಂತೆ. ಅರಬ್ಬಿ ಬರಹಗಳಲ್ಲಿ ಆತನ ಹೆಸರು ಸಿಸ್ಸ, ಕಾಳು ಗೋಧಿಯದು. ಕೇರಳದ ಅಂಬಲಪ್ಪುಳದಲ್ಲಿ ಅದೇ ಕಥೆ ಅಕ್ಕಿಯದ್ದಾಗಿ, ಕೊನೆಗೆ ಪಾಲ್‌ಪಾಯಸವಾಗಿ ಹರಿಯುತ್ತದೆ. ಕಥೆ ಕಥೆಯೇ ಇರಲಿ. ಲೆಕ್ಕ ಮಾತ್ರ ಗಟ್ಟಿ: ಸುಮಾರು ಕ್ರಿ.ಶ. 1000ದಲ್ಲಿ ಅಲ್‌ಬಿರೂನಿ ಎಂಬ ವಿದ್ವಾಂಸ ಈ ಮೊತ್ತವನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಬರೆದಿಟ್ಟಿದ್ದಾನೆ.

ಅಕ್ಕಿ ಎಷ್ಟಾಯಿತು? ಗ್ರಾಮಿಗೆ ಐವತ್ತು ಕಾಳು ಎಂದು ಇಟ್ಟುಕೊಂಡೆ. ಕೂಡಲೇ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ಬಹಳ ಕಾಲ ಅಕ್ಕಿ ಗಿರಣಿ ನಡೆಸಿದವರು, ಕೈ ಎತ್ತಿದರು. “ಮೇಷ್ಟ್ರೇ, ಅದು ದಪ್ಪಕ್ಕಿಯ ಲೆಕ್ಕ. ಸಣ್ಣಕ್ಕಿಯಾದರೆ ಇನ್ನೂ ಹೆಚ್ಚು ಕಾಳು ಬರುತ್ತದೆ.” ಒಪ್ಪಿದೆ, ರಾಜ ದಪ್ಪಕ್ಕಿಯನ್ನೇ ಅಳೆಯಲಿ. ಇಪ್ಪತ್ತೊಂದನೆಯ ಮನೆಗೆ ಬರುವಾಗ ಆ ಒಂದೇ ಮನೆಯ ಪಾಲು ಇಪ್ಪತ್ತೊಂದು ಕಿಲೋ. ಅರ್ಧ ಹಲಗೆ, ಅಂದರೆ ಮೂವತ್ತೆರಡು ಮನೆ ಮುಗಿದಾಗ ಒಟ್ಟು 86 ಟನ್ನಿನ ಆಸುಪಾಸು. ಎಂಟೊಂಬತ್ತು ಲಾರಿ ಲೋಡು. ಗಿರಣಿಯವರು “ಅಷ್ಟು ನಾನೇ ಕೊಡುತ್ತಿದ್ದೆ” ಎಂದರು. ಹೌದು, ಅಲ್ಲಿಯವರೆಗೆ ರಾಜನ ಮಾನಕ್ಕೂ ಧಕ್ಕೆಯಿಲ್ಲ. ಆದರೆ ಅರವತ್ತನಾಲ್ಕೂ ಮನೆ ತುಂಬಿದಾಗ 36,893 ಕೋಟಿ ಟನ್! ಇಂದು ಇಡೀ ಜಗತ್ತು ಬೆಳೆಯುವ ಅಕ್ಕಿ ವರ್ಷಕ್ಕೆ ಐವತ್ತು ಕೋಟಿ ಟನ್ನಿಗೆ ತುಸು ಹೆಚ್ಚು. ಏಳುನೂರು ವರ್ಷದ ಬೆಳೆಯನ್ನು ಒಂದು ಕಾಳೂ ಬೇಯಿಸದೆ ಕೂಡಿಡಬೇಕು.

ಸಾಮಾನ್ಯವಾಗಿ ಈ ಕಥೆ ಇಲ್ಲಿಗೆ ಮುಗಿಯುತ್ತದೆ. ಎಲ್ಲರೂ ‘ಅಬ್ಬಾ’ ಎನ್ನುತ್ತಾರೆ, ಎದ್ದು ಹೋಗುತ್ತಾರೆ. ನನಗೆ ಇದರ ಬಗ್ಗೆ ಹಳೆಯ ತಕರಾರಿದೆ. ಒಬ್ಬ ಮನುಷ್ಯನ ಎತ್ತರವನ್ನಷ್ಟೇ ಹೊಗಳಿ, ಅವನ ಹೆಸರು, ಊರು, ಕೆಲಸ ಯಾವುದನ್ನೂ ಕೇಳದೆ ಕಳಿಸಿದ ಹಾಗೆ. ಈ ಅಂಕಿ ಎಷ್ಟು ದೊಡ್ಡದು ಎಂಬುದು ಅದರ ಬಗ್ಗೆ ಹೇಳಬಹುದಾದ ಮಾತುಗಳಲ್ಲಿ ಅತ್ಯಂತ ಸಪ್ಪೆಯಾದದ್ದು. ಒಳಗೆ ಏನಿದೆ ಎಂದು ನೋಡಬೇಕು. ಅದಕ್ಕೇ ಈ ಪಟ್ಟಿ ಮತ್ತು ಕತ್ತರಿ ತಂದಿದ್ದೇನೆ.

ಚದುರಂಗದ ಅರವತ್ತನಾಲ್ಕು ಮನೆಗಳನ್ನು ಎಂಟು ಸಾಲಿನಲ್ಲಿ ಜೋಡಿಸುವ ಬದಲು ಒಂದೇ ಸಾಲಿನಲ್ಲಿ ಬಿಡಿಸಿದ್ದೇನೆ. ಮನೆಗೆ ಒಂದು ಇಂಚು. ಒಟ್ಟು ಐದು ಅಡಿ ನಾಲ್ಕು ಇಂಚು. ನನಗಿಂತ ಒಂದು ಇಂಚು ಗಿಡ್ಡ. ಪ್ರತಿ ಮನೆಯಲ್ಲಿ ಎಷ್ಟು ಕಾಳು ಎಂದು ಬರೆದಿದೆ: 1, 2, 4, 8, 16…

ಈಗ ನಟ್ಟನಡುವೆ ಕತ್ತರಿಸುತ್ತೇನೆ. ಎಡಭಾಗದಲ್ಲಿ ಮೊದಲ 32 ಮನೆ, ಬಲಭಾಗದಲ್ಲಿ ಉಳಿದ 32. ಬಲದ ತುಂಡನ್ನು ಎಡದ ತುಂಡಿನ ಮೇಲೆ ಹಾಗೆಯೇ ಜರುಗಿಸಿ ಇಡಿ. ಮಡಚಬೇಡಿ, ಮಡಚಿದರೆ 33ನೆಯ ಮನೆ 32ರ ಮೇಲೆ ಬಂದು ಕೂರುತ್ತದೆ. ಜರುಗಿಸಿದರೆ 33ನೆಯದು 1ರ ಮೇಲೆ, 34ನೆಯದು 2ರ ಮೇಲೆ, 64ನೆಯದು 32ರ ಮೇಲೆ. ಈಗ ಮೇಲಿನ ಪ್ರತಿ ಮನೆಯಲ್ಲೂ ಅದರ ಕೆಳಗಿನ ಮನೆಯ 2³² ಪಟ್ಟು ಕಾಳುಗಳಿವೆ. ಆದ್ದರಿಂದ ಬಲ ಅರ್ಧ ಎಂದರೆ ಎಡ ಅರ್ಧವೇ, 2³² ಸಲ. ಎರಡನ್ನೂ ಸೇರಿಸಿದರೆ? ಎಡ ಅರ್ಧ, 2³²+1 ಸಲ. ನೋಡಿ, ಒಂದೇ ಕತ್ತರಿಗೆ ನಮ್ಮ ಇಪ್ಪತ್ತಂಕಿ ಎರಡು ಹೋಳಾಯಿತು:

4294967295 × 4294967297

ಮೊದಲನೆಯದು ಎಡ ಅರ್ಧದ ಮೊತ್ತ, ಗಿರಣಿಯವರು ಕೊಡಲು ಒಪ್ಪಿದ ಆ 86 ಟನ್ನಿನ ಕಾಳುಗಳ ಸಂಖ್ಯೆ.

ಅದನ್ನೂ ಕತ್ತರಿಸೋಣ. ಹದಿನಾರು, ಹದಿನಾರು ಮನೆ. ಅದೇ ವಾದ: 65535 × 65537. ಮತ್ತೆ ಕತ್ತರಿ, ಎಂಟೆಂಟು ಮನೆ: 255 × 257. ಮತ್ತೆ, 15 × 17. ಮತ್ತೆ, 3 × 5. ಕೊನೆಗೆ ಎರಡು ಮನೆ ಉಳಿದಾಗ ಕತ್ತರಿಸಿದರೆ 1 × 3. ಒಟ್ಟು ಆರು ಸಲ. ಉಳಿದದ್ದು ಕೈಯಲ್ಲಿ ಒಂದು ಮನೆ, ಒಂದು ಕಾಳು. ಉದುರಿದ್ದು ಆರು ಗುಣಕಗಳು:

3 × 5 × 17 × 257 × 65537 × 4294967297

ನಂಬದವರು ಎರಡನ್ನಾದರೂ ಪರೀಕ್ಷಿಸಬಹುದು. ಅಂಕಿ 5ರಲ್ಲಿ ಮುಗಿಯುತ್ತದೆ, ಹಾಗಾಗಿ 5ರಿಂದ ಭಾಗವಾಗುತ್ತದೆ. ಇಪ್ಪತ್ತೂ ಅಂಕಿಗಳನ್ನು ಕೂಡಿದರೆ 87. ಅದನ್ನು ಕೂಡಿದರೆ 15. ಆದ್ದರಿಂದ 3ರಿಂದ ಹೋಗುತ್ತದೆ, 9ರಿಂದ ಹೋಗುವುದಿಲ್ಲ. ಏಳು ಜನರಿಗೆ ಸಮನಾಗಿ ಹಂಚಲು ಕೂತರೆ ಏಳುನೂರು ವರ್ಷದ ಅಕ್ಕಿಯಲ್ಲಿ ಕೊನೆಗೆ ಒಂದು ಕಾಳು ಮಿಕ್ಕುತ್ತದೆ. ಅದನ್ನು ಮನೆಯಲ್ಲಿ ಲೆಕ್ಕ ಹಾಕಿ ನೋಡಿ.

ಇಲ್ಲೊಂದು ಹಳೆಯ ಪರಿಚಯ ಹೇಳಬೇಕು. 64ನ್ನು ಆರು ಸಲ ಅರ್ಧ ಮಾಡುವುದು ನನ್ನ ಕತ್ತರಿಯ ಚಮತ್ಕಾರವಲ್ಲ. ಛಂದಸ್ಸಿನ ಆಚಾರ್ಯ ಪಿಂಗಳ ಲಘು, ಗುರುಗಳ ವಿನ್ಯಾಸಗಳನ್ನು ಎಣಿಸಲು ಇದೇ ಹಾದಿ ಹಿಡಿದಿದ್ದ. ಪಾದದಲ್ಲಿ ಆರು ಅಕ್ಷರವಿದ್ದರೆ ವಿನ್ಯಾಸಗಳು 64. ಅಕ್ಷರ ಒಂದು ಹೆಚ್ಚಿದಂತೆ ಇಮ್ಮಡಿ. ಅರವತ್ತನಾಲ್ಕು ಸಲ ಇಮ್ಮಡಿಸಬೇಕಾದಾಗ ಅರವತ್ತನಾಲ್ಕು ಗುಣಾಕಾರ ಯಾಕೆ ಬೇಕು? 64ನ್ನು ಅರ್ಧಿಸುತ್ತಾ ಇಳಿಯಿರಿ, ಆಮೇಲೆ ಎರಡರಿಂದ ಶುರು ಮಾಡಿ ಅಷ್ಟೇ ಸಲ ವರ್ಗ ಮಾಡುತ್ತಾ ಹತ್ತಿ: 2, 4, 16, 256, 65536, 4294967296. ಇನ್ನೊಂದು ವರ್ಗಕ್ಕೆ 2⁶⁴. ಆರೇ ಗುಣಾಕಾರ. ಗುಣೋತ್ತರ ಶ್ರೇಢಿಯನ್ನು ಕೂಡಲು ಮಹಾವೀರಾಚಾರ್ಯ ಹೇಳುವುದೂ ಈ ಅರ್ಧ ಮತ್ತು ವರ್ಗಗಳ ಉಪಾಯವನ್ನೇ. ಮೇಲಕ್ಕೆ ಹತ್ತುವಾಗ ವರ್ಗ, ಕೆಳಕ್ಕೆ ಇಳಿಯುವಾಗ ಕತ್ತರಿ, ಮೆಟ್ಟಿಲು ಒಂದೇ.

ಇನ್ನು ಆ ಆರು ಗುಣಕಗಳ ವಿಚಾರ. 3, 5, 17, 257 ಅವಿಭಾಜ್ಯಗಳು. 65537 ಕೂಡ ಅವಿಭಾಜ್ಯ. ಒಂದೊಂದೂ ಹಿಂದಿನದರ ಬಹುಪಾಲು ವರ್ಗದಷ್ಟು ದೊಡ್ಡದು, ಆದರೂ ಒಂದೂ ಒಡೆಯುವುದಿಲ್ಲ. ಐದು ಸಲ ಸತತವಾಗಿ ಹೀಗಾದರೆ ಆರನೆಯದೂ ಹಾಗೇ ಇರುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಫ್ರಾನ್ಸಿನ ಪಿಯೆರ್ ದ ಫರ್ಮಾಗೂ ಹಾಗೆಯೇ ಅನ್ನಿಸಿತು. ವೃತ್ತಿಯಿಂದ ನ್ಯಾಯಾಂಗದವನು, ಬಿಡುವಿನಲ್ಲಿ ಗಣಿತ. 1640ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯ ಎಂದು ತನಗೆ ಮನವರಿಕೆಯಾಗಿದೆ ಎಂದ. ಸಾಧಿಸಿ ತೋರಿಸಲಾಗಿಲ್ಲ ಎಂದೂ ಒಪ್ಪಿಕೊಂಡ. ಅವನ ಗೌರವಾರ್ಥ ಇವನ್ನು ಫರ್ಮಾ ಸಂಖ್ಯೆಗಳು ಎನ್ನುತ್ತಾರೆ, ಅಂದರೆ ತಪ್ಪಿನ ಹೆಸರಿನಲ್ಲಿ ಅಮರನಾದ ಎನ್ನಬೇಕು.

ತೊಂಬತ್ತು ವರ್ಷ ಯಾರೂ ಅಲುಗಾಡಿಸಲಿಲ್ಲ. 1729ರಲ್ಲಿ ಗೋಲ್ಡ್‌ಬಾಖ್ ಎಂಬಾತ ಯುವ ಗಣಿತಜ್ಞ ಆಯ್ಲರ್‌ಗೆ ಪತ್ರ ಬರೆದು, ಫರ್ಮಾನ ಈ ಮಾತು ನಿನಗೆ ಗೊತ್ತೇ ಎಂದು ವಿಚಾರಿಸಿದ. 1732ರಲ್ಲಿ ಆಯ್ಲರ್ ಉತ್ತರ ಮುಂದಿಟ್ಟ: 4294967297 ಅವಿಭಾಜ್ಯವಲ್ಲ, ಅದು 641ರಿಂದ ಭಾಗವಾಗುತ್ತದೆ.

641 × 6700417 = 4294967297

ಇಷ್ಟು ಹೇಳಿ ನಾನು ಮುಂದಕ್ಕೆ ಹೋಗುವವನಿದ್ದೆ. ಹಿಂದಿನ ಸಾಲಿನಿಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, 641 ಅಂತ ಅವರಿಗೆ ಹೇಗೆ ಗೊತ್ತಾಯಿತು? ಎಲ್ಲವನ್ನೂ ಭಾಗಿಸಿ ನೋಡಿದರಾ?” ಎಂದಳು. ಆ ಬೆಳಗಿನ ಅತ್ಯುತ್ತಮ ಪ್ರಶ್ನೆ ಅದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಎಲ್ಲವನ್ನೂ ಭಾಗಿಸಬೇಕಿಲ್ಲ. ನಮ್ಮ ಸಂಖ್ಯೆಯನ್ನು ಭಾಗಿಸುವ ಒಂದು ಅವಿಭಾಜ್ಯ ಇದೆ ಎಂದುಕೊಳ್ಳಿ. ಎರಡರ ಘಾತಗಳನ್ನು ಅದರಿಂದ ಭಾಗಿಸುತ್ತಾ ಶೇಷಗಳನ್ನು ಮಾತ್ರ ಬರೆಯುತ್ತಾ ಹೋಗಿ. 2³²+1 ಪೂರ್ತಿ ಭಾಗವಾಗುವುದರಿಂದ 2³² ಬಂದಾಗ ಶೇಷ ‘ಮೈನಸ್ ಒಂದು’. ಅದನ್ನು ವರ್ಗ ಮಾಡಿದರೆ 2⁶⁴ಕ್ಕೆ ಶೇಷ ಒಂದು. ಅಂದರೆ ಶೇಷಗಳ ಚಕ್ರ ಸರಿಯಾಗಿ 64 ಹೆಜ್ಜೆಗೆ ಒಂದು ಸುತ್ತು ಮುಗಿಸುತ್ತದೆ, ಅದಕ್ಕಿಂತ ಮೊದಲು ಮುಗಿಸುವುದಿಲ್ಲ. ಇಂಥ ಸುತ್ತಿನ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸಲೇಬೇಕು ಎಂದು ಒಂದು ಪ್ರಮೇಯವಿದೆ. ಹಾಗಾಗಿ ನಾವು ಹುಡುಕುವ ಭಾಜಕ 64ರ ಯಾವುದೋ ಮಗ್ಗಿಗೆ ಒಂದು ಸೇರಿಸಿದಂತೆ ಇರಬೇಕು. 64ರ ಮಗ್ಗಿ ಹೇಳಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ 65, 129, 321, 385, 513 ತಾವೇ ಒಡೆಯುತ್ತವೆ. ಉಳಿದವು ಐದು. 257ನ್ನೂ ಬಿಡಿ, ಯಾಕೆಂದು ಈಗಲೇ ಹೇಳುತ್ತೇನೆ. 193, 449, 577 ಭಾಗಿಸಿ ನೋಡಿದರೆ ಆಗುವುದಿಲ್ಲ. ನಾಲ್ಕನೆಯ ಪ್ರಯತ್ನಕ್ಕೆ 641. ಆಯ್ಲರ್ ಮೊದಲು ಉತ್ತರವನ್ನಷ್ಟೇ ಹೇಳಿದ್ದ. ಭಾಜಕಗಳ ಈ ಸ್ವರೂಪವನ್ನು ಆಮೇಲಿನ ಪ್ರಬಂಧದಲ್ಲಿ ಸಾಧಿಸಿದ.

ಆ ಪ್ರಮೇಯ ಯಾರದು ಗೊತ್ತೇ? ಫರ್ಮಾನದೇ! ಅದೂ ಅದೇ 1640ರಲ್ಲಿ, ಅದೇ ಗೆಳೆಯನಿಗೆ ಬರೆದ ಇನ್ನೊಂದು ಪತ್ರದಲ್ಲಿ. ಬೀಗವೂ ಕೀಲಿಕೈಯೂ ಒಂದೇ ಜೇಬಿನಲ್ಲಿದ್ದವು. ನಾಲ್ಕು ಭಾಗಾಕಾರ ಮಾಡಿದ್ದರೆ ಸಾಕಿತ್ತು. ಯಾಕೆ ಮಾಡಲಿಲ್ಲವೋ, ಅಥವಾ ಮಾಡಿ ಎಲ್ಲಿ ಎಡವಿದನೋ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮೂವತ್ತು ವರ್ಷ ತಿದ್ದಿದ ನನಗೆ ಅವನ ಮೇಲೆ ಕನಿಕರವೇ ಹೆಚ್ಚು.

641 ಭಾಗಿಸುತ್ತದೆ ಎಂಬುದನ್ನು ಭಾಗಾಕಾರವೇ ಮಾಡದೆ ತೋರಿಸಬಹುದು. ಹಲಗೆಯ ಮೇಲೆ ಎರಡು ಸಾಲು ಬರೆದೆ. 641 ಎಂದರೆ 640 ಕೂಡಿಸು 1. 640 ಎಂದರೆ 5 × 2⁷. ಹಾಗೆಯೇ 641 ಎಂದರೆ 625 ಕೂಡಿಸು 16. ಅಂದರೆ 5⁴ + 2⁴. ಈಗ 641ರಿಂದ ಭಾಗಿಸಿದಾಗಿನ ಶೇಷಗಳ ಲೋಕಕ್ಕೆ ಬನ್ನಿ. ಅಲ್ಲಿ 641 ಸೊನ್ನೆಗೆ ಸಮ. ಮೊದಲ ಸಾಲಿನ ಪ್ರಕಾರ 5 × 2⁷ ಮೈನಸ್ ಒಂದಕ್ಕೆ ಸಮ. ಅದನ್ನು ನಾಲ್ಕನೆಯ ಘಾತಕ್ಕೆ ಏರಿಸಿ: 5⁴ × 2²⁸ ಒಂದಕ್ಕೆ ಸಮ. ಎರಡನೆಯ ಸಾಲಿನ ಪ್ರಕಾರ 5⁴ ಇರುವಲ್ಲಿ ಮೈನಸ್ 2⁴ ಇಡಬಹುದು. ಇಟ್ಟರೆ ಮೈನಸ್ 2³² ಒಂದಕ್ಕೆ ಸಮ. ಅಂದರೆ 2³²+1 ಸೊನ್ನೆಗೆ ಸಮ. ಅಷ್ಟೇ. ಹತ್ತು ಸ್ಥಾನದ ಸಂಖ್ಯೆಯನ್ನು ಒಮ್ಮೆಯೂ ಮುಟ್ಟದೆ ಅದನ್ನು ಒಡೆದದ್ದಾಯಿತು. ಹುಡುಗಿ ಇದನ್ನು ಅಕ್ಷರ ಬಿಡದೆ ಬರೆದುಕೊಂಡಳು.

257ನ್ನು ಯಾಕೆ ಬಿಟ್ಟೆವು? ಎರಡನೆಯ ಹೋಳು 4294967297, ಮೊದಲ ಹೋಳು 4294967295ಕ್ಕಿಂತ ಎರಡು ಹೆಚ್ಚು, ಅಷ್ಟೇ. ಮೊದಲ ಹೋಳಿನಲ್ಲಿ 3, 5, 17, 257, 65537 ಎಲ್ಲವೂ ಇವೆ. ಅವುಗಳಲ್ಲಿ ಯಾವುದಾದರೂ ಎರಡನೆಯ ಹೋಳನ್ನೂ ಭಾಗಿಸಿದರೆ ನಡುವಿನ ಅಂತರವಾದ ಎರಡನ್ನೂ ಭಾಗಿಸಬೇಕು. ಎಲ್ಲವೂ ಬೆಸ, ಸಾಧ್ಯವಿಲ್ಲ. ಪ್ರತಿ ಕತ್ತರಿಗೂ ಇದೇ ಮಾತು ನಿಲ್ಲುತ್ತದೆ. ಪಟ್ಟಿ ಎಷ್ಟು ಉದ್ದವಾದರೂ ಹೊಸ ಗುಣಕ ತನ್ನದೇ ಆದ ಹೊಸ ಅವಿಭಾಜ್ಯವನ್ನು ತರುತ್ತದೆ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂಬುದಕ್ಕೆ ಇದೇ ಒಂದು ಪುರಾವೆ; ಗೋಲ್ಡ್‌ಬಾಖ್ ಇದನ್ನು ಆಯ್ಲರ್‌ಗೆ ಬರೆದು ಕಳಿಸಿದ್ದ.

ಹಾಗಾದರೆ ನಮ್ಮ ಮಹಾಶಂಖದ ಅಂಕಿಯ ಪೂರ್ತಿ ಜಾತಕ ಇದು: 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಹಾಗಾಗಿ ಅದರ ಭಾಜಕಗಳು ಒಟ್ಟು 128. ಎರಡರ ಘಾತದಿಂದ ಹುಟ್ಟಿದ ಅಂಕಿಯ ಭಾಜಕಗಳನ್ನು ಎಣಿಸಿದರೂ ಎರಡರ ಘಾತವೇ.

ಆ ಐದು ಫರ್ಮಾ ಅವಿಭಾಜ್ಯಗಳು ರೇಖಾಗಣಿತದಲ್ಲಿ ಮತ್ತೆ ತಲೆ ಎತ್ತುತ್ತವೆ. 1796ರಲ್ಲಿ, ಹತ್ತೊಂಬತ್ತು ತುಂಬಲು ಒಂದು ತಿಂಗಳಿದ್ದಾಗ, ಜರ್ಮನಿಯ ಗಣಿತಜ್ಞ ಗೌಸ್ ಹದಿನೇಳು ಭುಜಗಳ ಸಮ ಬಹುಭುಜವನ್ನು ಬರೀ ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ ರಚಿಸಬಹುದು ಎಂದು ಕಂಡುಕೊಂಡ. ಗ್ರೀಕರ ಕಾಲದಿಂದ ಯಾರಿಗೂ ಹೊಳೆಯದ ವಿಷಯ. ಬೆಸ ಸಂಖ್ಯೆಯ ಭುಜಗಳಿರುವ ಸಮ ಬಹುಭುಜವನ್ನು ಹೀಗೆ ರಚಿಸಬೇಕಾದರೆ ಆ ಸಂಖ್ಯೆ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವೇ ಆಗಿರಬೇಕು. ಇಂದಿಗೂ ನಮಗೆ ಗೊತ್ತಿರುವುದು ಆ ಐದೇ, ಆದ್ದರಿಂದ ಗೊತ್ತಿರುವ ಅಂಥ ಬಹುಭುಜಗಳು 31: ನಮ್ಮ ಅರ್ಧ ಹಲಗೆಯ ಮೊತ್ತ 4294967295ರ ಭಾಜಕಗಳಲ್ಲಿ ಒಂದನ್ನು ಬಿಟ್ಟು ಉಳಿದವು. 65537 ಭುಜಗಳದ್ದನ್ನು ಹೇಗೆ ರಚಿಸಬೇಕೆಂದು ಬರೆಯಲು ಜರ್ಮನಿಯ ಹರ್ಮೆಸ್ ಎಂಬ ಅಧ್ಯಾಪಕ ಹತ್ತು ವರ್ಷ ಕಳೆದ. ಆ ಹಸ್ತಪ್ರತಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಒಂದು ಪೆಟ್ಟಿಗೆಯಲ್ಲಿದೆ. ಅಷ್ಟು ಭುಜಗಳ ಆಕೃತಿಯನ್ನು ಬರೆದರೆ ಕಣ್ಣಿಗೆ ವೃತ್ತದಂತೆಯೇ ಕಾಣುತ್ತದೆ. ಒಂದು ಬಟ್ಟಲು ಬೋರಲು ಹಾಕಿ ಗೆರೆ ಎಳೆದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ, ಪಾಪ.

ನನಗೆ ಇದಕ್ಕಿಂತ ಪ್ರಿಯವಾದದ್ದು ಮೇರು ಪ್ರಸ್ತಾರ ಎಂಬ ಅಂಕಿಗಳ ತ್ರಿಕೋನದ ನಂಟು. ಪಿಂಗಳನ ಸೂತ್ರಗಳಿಗೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಈ ತ್ರಿಕೋನವನ್ನು ವಿವರಿಸಿದ್ದಾನೆ. ಪ್ರಸ್ತಾರದ ಲೆಕ್ಕಗಳು ನಮ್ಮ ನಾಗವರ್ಮನ ‘ಛಂದೋಂಬುಧಿ’ಯಲ್ಲೂ ಇವೆ. ತುದಿಯಲ್ಲಿ ಒಂದು, ಕೆಳಗೆ ಒಂದು ಒಂದು, ಅದರ ಕೆಳಗೆ 1, 2, 1, ಆಮೇಲೆ 1, 3, 3, 1. ಪ್ರತಿ ಮನೆಯೂ ತನ್ನ ತಲೆಯ ಮೇಲಿನ ಎರಡು ಮನೆಗಳ ಮೊತ್ತ. ಈಗ ಹೀಗೆ ಮಾಡಿ: ಬೆಸ ಇದ್ದಲ್ಲಿ 1 ಬರೆಯಿರಿ, ಸಮ ಇದ್ದಲ್ಲಿ 0. ಸಾಲುಗಳು ಹೀಗಾಗುತ್ತವೆ: 1, 11, 101, 1111, 10001, 110011, 1010101, 11111111. ಪ್ರತಿ ಸಾಲನ್ನೂ ಕಂಪ್ಯೂಟರಿನ ದ್ವಿಮಾನ ಬರವಣಿಗೆ ಎಂದುಕೊಂಡು ಓದಿ. 1, 3, 5, 15, 17, 51, 85, 255. ಅದೇ 3, 5, 17, ಮತ್ತು ಅವುಗಳ ಗುಣಲಬ್ಧಗಳು, ಒಂದನ್ನೂ ಬಿಡದೆ, ಏರುವ ಕ್ರಮದಲ್ಲಿ! ಮುಂದುವರಿಸಿದರೆ ಮೊದಲ ಮೂವತ್ತೆರಡು ಸಾಲುಗಳಲ್ಲಿ ಗೌಸನ ಆ 31 ಬಹುಭುಜಗಳು ಸಾಲಾಗಿ ನಿಂತಿರುತ್ತವೆ. ನಾಲ್ಕನೆಯ ಸಾಲು ಪೂರ್ತಿ ಒಂದುಗಳು, ಎಂಟನೆಯದೂ ಹಾಗೆ, ಹದಿನಾರನೆಯದೂ. ಅರವತ್ತನಾಲ್ಕನೆಯ ಸಾಲಿನಲ್ಲಿ ಅರವತ್ತನಾಲ್ಕು ಒಂದುಗಳು ಸಾಲುದೀಪದಂತೆ ಹೊತ್ತಿರುತ್ತವೆ. ಆ ಸಾಲನ್ನು ಓದಿದರೆ ಬರುವುದು 18446744073709551615. ರಾಜನ ಅಕ್ಕಿಯೂ ಕವಿಯ ಲಘು ಗುರುವೂ ಇಲ್ಲಿ ಒಂದೇ ಮನೆಯಲ್ಲಿ ಸಿಗುತ್ತವೆ.

ಅದೇ ಅರವತ್ತನಾಲ್ಕು ಒಂದುಗಳು ನಿಮ್ಮ ಜೇಬಿನ ಮೊಬೈಲಿನಲ್ಲೂ ಇವೆ. 64 ಬಿಟ್ ಎಂದು ಜಾಹೀರಾತಿನಲ್ಲಿ ಬರೆಯುತ್ತಾರಲ್ಲ, ಅಂಥ ಒಂದು ಖಾನೆಯಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆ ಇದೇ. ಇದಕ್ಕೆ ಒಂದು ಸೇರಿಸಿದರೆ ಏನಾಗುತ್ತದೆ? ಹಳೆಯ ಸ್ಕೂಟರಿನ ಮೀಟರ್ 99999 ಮುಟ್ಟಿ ಮುಂದೆ ಸರಿದಾಗ ಏನಾಗುತ್ತಿತ್ತೋ ಅದೇ: ಎಲ್ಲವೂ ಸೊನ್ನೆ. ಕಂಪ್ಯೂಟರಿಗೆ ಬೇಸರವೂ ಇಲ್ಲ, ಅನುಮಾನವೂ ಇಲ್ಲ. 2010ರ ಆಗಸ್ಟ್ 15ರಂದು ಬಿಟ್‌ಕಾಯಿನ್ ಲೆಕ್ಕಪುಸ್ತಕದಲ್ಲಿ ಇದು ನಡೆದೇಹೋಯಿತು. ಯಾರೋ ಒಬ್ಬರು ಒಂದೇ ವ್ಯವಹಾರದಲ್ಲಿ ತಲಾ 9,223 ಕೋಟಿಯಷ್ಟು ಬಿಟ್‌ಕಾಯಿನ್ನುಗಳ ಎರಡು ಪಾವತಿ ಬರೆದರು. ಎರಡನ್ನೂ ಕೂಡಿದಾಗ ಖಾನೆ ಉಕ್ಕಿ ಮೊತ್ತ ಸೊನ್ನೆಗಿಂತ ತುಸು ಕೆಳಗೆ ಬಿತ್ತು. ತಪಾಸಣೆಗೆ ಅದರಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ. ಒಟ್ಟು 2.1 ಕೋಟಿಗಿಂತ ಹೆಚ್ಚು ಇರಲೇಬಾರದ ನಾಣ್ಯ ಸುಮಾರು 18,446 ಕೋಟಿಯಷ್ಟು ಹುಟ್ಟಿಕೊಂಡಿತು. ಕೆಲವೇ ಗಂಟೆಗಳಲ್ಲಿ ಸರಿಪಡಿಸಿದರು. ಆ 18,446 ಎಂಬ ತಲೆಯನ್ನು ಹಲಗೆಯ ಮೇಲಿನ ನಮ್ಮ ಅಂಕಿಯ ತಲೆಯೊಂದಿಗೆ ಹೋಲಿಸಿ ನೋಡಿ. ಬಿಟ್‌ಕಾಯಿನ್ನಿನ ಅತಿ ಸಣ್ಣ ಚಿಲ್ಲರೆ ಅದರ ಹತ್ತು ಕೋಟಿಯಲ್ಲಿ ಒಂದು ಭಾಗ. ಚಿಲ್ಲರೆಯಲ್ಲಿ ಎಣಿಸಿದರೆ ಅದು ಹೆಚ್ಚುಕಡಿಮೆ ಸಿಸ್ಸ ಕೇಳಿದ ಕಾಳುಗಳಷ್ಟೇ.

ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಒಂದೊಂದಾಗಿ, ಚಿಕ್ಕದರ ಮೇಲೆ ದೊಡ್ಡದು ಬಾರದಂತೆ, ಕಂಬದಿಂದ ಕಂಬಕ್ಕೆ ಬದಲಾಯಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂಬ ಕಥೆಯನ್ನು ಒಬ್ಬರು ನೆನಪಿಸಿದರು. ಹೌದು, ಬೇಕಾಗುವ ನಡೆಗಳು ಇದೇ ಸಂಖ್ಯೆ. ಸೆಕೆಂಡಿಗೆ ಒಂದರಂತೆ 58,454 ಕೋಟಿ ವರ್ಷ. ವಿಶ್ವದ ವಯಸ್ಸೇ 1,380 ಕೋಟಿ. ಆದರೆ ಅಂಥ ದೇವಸ್ಥಾನವಿಲ್ಲ. 1883ರಲ್ಲಿ ಎದ್ವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಮಾರಾಟಕ್ಕೆ ತಂದ ಆಟಿಕೆಯ ಸುತ್ತ ಹೆಣೆದ ಕಥೆ ಅದು.

ಕೊನೆಗೆ ಮತ್ತೆ ಅದೇ ಹುಡುಗಿ. “ಸರ್, ಕತ್ತರಿಸುವ ಬದಲು ಇನ್ನೊಂದು ಪಟ್ಟಿ ಅಂಟಿಸಿದರೆ?”

ಅಂಟಿಸಬಹುದು. 128 ಮನೆಯ ಪಟ್ಟಿಯಾಗುತ್ತದೆ. ಅದನ್ನು ಮೊದಲ ಸಲ ಕತ್ತರಿಸಿದಾಗ ಉದುರುವ ಹೊಸ ಗುಣಕ 2⁶⁴+1: ನಮ್ಮ ಅಂಕಿಗಿಂತ ಎರಡು ಹೆಚ್ಚು, 18446744073709551617. ಫರ್ಮಾ ಇದನ್ನೂ ತನ್ನ ಪಟ್ಟಿಯಲ್ಲಿ ಬರೆದಿದ್ದ. ಇದೂ ಒಡೆಯುತ್ತದೆ: 274177 × 67280421310721. 1880ರಲ್ಲಿ ಲಾಂದ್ರಿ ಎಂಬಾತ ಇದನ್ನು ಪ್ರಕಟಿಸಿದಾಗ ಅವನಿಗೆ 82 ವರ್ಷ. ಕ್ಲೌಸೆನ್ ಎಂಬ ಖಗೋಳಜ್ಞ 1855ರಲ್ಲೇ ಇದನ್ನು ಕಂಡು ಗೌಸ್‌ಗೆ ಪತ್ರ ಬರೆದಿದ್ದ, ಆದರೆ ಆ ವಿಷಯ ಲೋಕಕ್ಕೆ ತಿಳಿದದ್ದು ಬಹಳ ತಡವಾಗಿ.

ಇನ್ನೂ ಅಂಟಿಸುತ್ತಾ ಹೋಗಿ, ಪ್ರತಿ ಸಲ ಉದ್ದ ಇಮ್ಮಡಿ. ಬಹಳ ದೂರದವರೆಗೆ ಹೊಸದಾಗಿ ಬರುವ ಗುಣಕ ಒಡೆಯುವಂಥದ್ದೇ. 4294967297ರಿಂದ ಹಿಡಿದು ಸತತವಾಗಿ ಇಪ್ಪತ್ತೆಂಟು ಸಂಖ್ಯೆಗಳು ಒಡೆಯುತ್ತವೆ ಎಂದು ಸಾಧಿಸಿಯಾಗಿದೆ. ಅವುಗಳಲ್ಲಿ ಎರಡು ವಿಚಿತ್ರ: ಒಡೆಯುವುದು ಖಚಿತ, ಆದರೆ ಒಂದೇ ಒಂದು ಭಾಜಕವೂ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಇಪ್ಪತ್ತೆಂಟನೆಯ ಸಲ ಅಂಟಿಸಿದಾಗ ಬರುವ ಗುಣಕಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳು. ಅದು ಅವಿಭಾಜ್ಯವೋ ಅಲ್ಲವೋ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

“ಆಗ ಪಟ್ಟಿ ಎಷ್ಟು ಉದ್ದ ಇರುತ್ತದೆ ಸರ್?” ಎಂದಳು.

ಅದನ್ನು ನಾನು ಯೋಚಿಸಿರಲಿಲ್ಲ. ಇಬ್ಬರೂ ಹಲಗೆಯ ಮುಂದೆ ನಿಂತು ಲೆಕ್ಕ ಹಾಕಿದೆವು. ಮನೆಗಳು 2³⁴, ಅಂದರೆ 1,717 ಕೋಟಿ 98 ಲಕ್ಷ ಚಿಲ್ಲರೆ. ಮನೆಗೆ ಒಂದು ಇಂಚಿನಂತೆ 4,36,000 ಕಿಲೋಮೀಟರ್ ದಾಟಿತು. ಗ್ರಂಥಾಲಯದ ಬಾಗಿಲಿನಿಂದ ಬಿಚ್ಚುತ್ತಾ ಹೋದರೆ ಚಂದ್ರನನ್ನು ಮುಟ್ಟಿ, ಆಚೆಗೂ ಐವತ್ತು ಸಾವಿರ ಕಿಲೋಮೀಟರ್ ಮಿಕ್ಕುತ್ತದೆ.